ಹಲಸಿನ ಕಾಲದ ಐಸ್‌ಕ್ರೀಂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಮೇ ತಿಂಗಳೆಂದರೆ ಹಲಸು. ಹಪ್ಪಳ, ಗಟ್ಟಿ, ಮುಳ್ಕ ಎಲ್ಲ ಆದರೂ ಹಣ್ಣು ಮುಗಿಯದು. ಮಿಕ್ಕ ಸೊಳೆಗೆ ಯಂತ್ರವೇ ಬೇಡದ ಐಸ್‌ಕ್ರೀಮಿಗಿಂತ ಒಳ್ಳೆಯ ದಾರಿಯಿಲ್ಲ.

ಇದರ ಜಾಣ್ಮೆ ಮೆಚ್ಚುವಂಥದ್ದು. ಕಾರ್ಖಾನೆಯಲ್ಲಿ ಯಂತ್ರ ಕಡೆಯುವುದು ಗಾಳಿ ಸೇರಿಸಲು, ಮಂಜಿನ ಹರಳು ದೊಡ್ಡದಾಗದಂತೆ ತಡೆಯಲು. ಇಲ್ಲಿ ಗಾಳಿಯನ್ನು ನೊರೆಗಟ್ಟಿದ ಕ್ರೀಮೇ ಹಿಡಿದಿಡುತ್ತದೆ. ಜೊತೆಗೆ ಬೆರೆಸುವ ಕಂಡೆನ್ಸ್ಡ್ ಮಿಲ್ಕಿನಲ್ಲಿ ನೀರು ಕಡಿಮೆ, ಸಕ್ಕರೆ ಹೆಚ್ಚು, ಹಾಗಾಗಿ ಕಲ್ಲಾಗುವುದಿಲ್ಲ.

ಬಕ್ಕೆ ಹಲಸಿನ ಸೊಳೆ ರುಬ್ಬಿ, ಬಾಣಲೆಯಲ್ಲಿ ನೀರಾರುವಷ್ಟು ಕಾಯಿಸಿ, ಪೂರ್ತಿ ತಣಿಸಬೇಕು. ಹಣ್ಣಿನ ನೀರು ಉಳಿದರೆ ನಾಲಿಗೆಗೆ ಮಂಜಿನ ಚೂರು ಸಿಗುತ್ತದೆ. ಎರಡು ಕಪ್ ತಣ್ಣನೆಯ ವಿಪ್ಪಿಂಗ್ ಕ್ರೀಮನ್ನು ಗಟ್ಟಿಯಾಗಿ ನಿಲ್ಲುವವರೆಗೆ ಬೀಟ್ ಮಾಡಿ, 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಒಂದು ಕಪ್ ಹಲಸು ಹಾಕಿ, ನೊರೆ ಕುಸಿಯದಂತೆ ಮೆಲ್ಲಗೆ ಮಗುಚಿ, ಮುಚ್ಚಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಆಯಿತು. ಬೇರೆ ಸಕ್ಕರೆ ಬೇಡ.

ಮೂಲ್ಕಿ ಮೂಲದ ರಘುನಂದನ ಕಾಮತರು 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಂ ಅಂಗಡಿ ತೆರೆದು, ಹಲಸು, ಬೊಂಡದ ಐಸ್‌ಕ್ರೀಮನ್ನು ಮಹಾನಗರಕ್ಕೆ ಉಣಿಸಿದರು. ಆ ಹಣ್ಣು ನಮ್ಮ ಹಿತ್ತಿಲಿನಲ್ಲೇ ಇದೆ. ಈ ವರ್ಷ ಒಂದು ಡಬ್ಬಿಯಾದರೂ ಮಾಡಿಡಿ.