ಬೂದಿಯ ಕೆಳಗೂ ಮೇಲೂ

ರೋಲಂಡ್ ಎಮ್ಮರಿಕ್ ನಿರ್ದೇಶನದ ‘2012’ ತೆರೆಕಂಡದ್ದು 2009ರಲ್ಲಿ. ಮೊನ್ನೆ ಸಾನಪಾಡಾದ ಬಾಡಿಗೆ ಮನೆಯಲ್ಲಿ ಅದನ್ನು ಮೂರನೆಯ ಸಲ ನೋಡಿದೆ. ಗ್ರಾಫಿಕ್ಸ್ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಪ್ರಳಯವನ್ನು ಅದು ಅರ್ಥ ಮಾಡಿಕೊಂಡಿರುವ ಬಗೆಯ ಮೇಲೆ.

ಚಿತ್ರದಲ್ಲಿ ಅಪಾಯವನ್ನು ಮೊದಲು ಗುರುತಿಸುವವನು ಭಾರತದ ವಿಜ್ಞಾನಿ ಸತ್ನಾಮ್. ಅವನನ್ನು ಕರೆದೊಯ್ಯಬೇಕಾದ ವಿಮಾನ ಬರುವುದೇ ಇಲ್ಲ. ಗೆಳೆಯನಿಗೊಂದು ಫೋನ್ ಮಾಡಿ, ಹೆಂಡತಿ ಮಗನೊಂದಿಗೆ ಅಲೆಗೆ ಸಿಕ್ಕಿ ಸಾಯುತ್ತಾನೆ. ಅತ್ತ ಯೆಲ್ಲೊಸ್ಟೋನ್ ಮಹಾಜ್ವಾಲಾಮುಖಿ ಬಾಯಿಬಿಟ್ಟರೂ ನಾಯಕ ಪುಟ್ಟ ವಿಮಾನ ಹತ್ತಿ ಬೂದಿಯ ಮೋಡದಿಂದ ಪಾರಾಗುತ್ತಾನೆ. ಬದುಕಿಸುವ ಹಡಗಿನಲ್ಲಿ ಒಂದು ಸೀಟಿಗೆ ನೂರು ಕೋಟಿ ಯೂರೊ. ಈ ಅನ್ಯಾಯವನ್ನು ಚಿತ್ರವೂ ಪ್ರಶ್ನಿಸುತ್ತದೆ, ನಿಜ. ಆದರೂ ಕೊನೆಗೆ ಅದರ ಕ್ಯಾಮೆರಾ ಹಡಗು ಹತ್ತಿದವರ ಜೊತೆಗೇ ಹೋಗುತ್ತದೆ.

ಭೂಮಿ ನಿಜಕ್ಕೂ ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಸಾನಪಾಡಾದ ಪೂರ್ವಕ್ಕಿರುವ ಪಾರ್ಸಿಕ್ ಗುಡ್ಡದ ಕಪ್ಪು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ದಖ್ಖನ್ ಲಾವಾ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೂ ಅದೇ ಹಾಸಿದೆ. ನಮ್ಮ ಬಿಳಿಜೋಳದ ಎರೆಭೂಮಿ ಅದರಿಂದಲೇ ಆದದ್ದು. ಅದು ಒಂದು ರಾತ್ರಿಯ ಸ್ಫೋಟವಲ್ಲ. ಲಕ್ಷಾಂತರ ವರ್ಷ, ಬಿಟ್ಟುಬಿಟ್ಟು, ನೆಲದ ಬಿರುಕುಗಳಿಂದ ಹರಿದದ್ದು. ಜೊತೆಗೆ ಹೊರಬಿದ್ದ ಗಂಧಕದ ಅನಿಲಗಳೂ ಇಂಗಾಲದ ಡೈಆಕ್ಸೈಡೂ ಜಗತ್ತಿನ ಹವೆಯನ್ನೇ ಕದಡಿದವು. ಅದೇ ಕಾಲಘಟ್ಟದಲ್ಲಿ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಬಿತ್ತು. ಡೈನೋಸಾರ್‌ಗಳ ಅಳಿವಿನಲ್ಲಿ ಲಾವಾದ ಪಾಲೆಷ್ಟು ಎಂಬ ವಾದ ಇನ್ನೂ ನಿಂತಿಲ್ಲ. ಆದರೆ ದೂರದ ಜೀವಿಗಳನ್ನು ಕೊಂದದ್ದು ಹೊಡೆತಕ್ಕಿಂತ ಹೆಚ್ಚಾಗಿ ಆಮೇಲಿನ ಕತ್ತಲೆ, ಚಳಿ, ಹಸಿವು. ಎಮ್ಮರಿಕ್‌ಗೆ ಈ ‘ಆಮೇಲೆ’ಗೆ ಪುರುಸೊತ್ತಿಲ್ಲ.

ಮಹಾಜ್ವಾಲಾಮುಖಿಯ ಬೂದಿಯ ‘ಆಮೇಲೆ’ ಬಳ್ಳಾರಿಯಾಚೆಯ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಸಿಗುತ್ತದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ತೋಬಾ ಸಿಡಿದಾಗ ಹಾರಿಬಂದ ಬೂದಿ ಅಲ್ಲಿ ಈಗಲೂ ಪದರವಾಗಿ ಉಳಿದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು ಆ ಪದರದ ಕೆಳಗೂ ಮೇಲೂ ಒಂದನ್ನೊಂದು ಹೋಲುವ ಕಲ್ಲಿನ ಉಪಕರಣಗಳನ್ನು ಕಂಡು, 2007ರಲ್ಲಿ ಪ್ರಕಟಿಸಿದರು. ಅವನ್ನು ಮಾಡಿದವರು ಯಾವ ಬಗೆಯ ಮಾನವರು ಎಂಬುದು ಇನ್ನೂ ಚರ್ಚೆಯಲ್ಲಿದೆ. ಆದರೆ ಬೂದಿ ಬಿದ್ದಲ್ಲಿಗೆ ಬದುಕು ಮುಗಿಯಲಿಲ್ಲ ಎಂಬುದನ್ನು ಆ ಕಲ್ಲುಗಳು ಹೇಳುತ್ತವೆ. ಅವರಿಗೆ ಹಡಗೂ ಇರಲಿಲ್ಲ, ಟಿಕೇಟೂ ಇರಲಿಲ್ಲ.

ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರಿಗೆ ಸತ್ನಾಮನ ಫೋನ್ ಕರೆ ಚುಚ್ಚಲೇಬೇಕು: ಕೆಲಸಕ್ಕೆ ಬೇಕು, ಹಡಗಿಗೆ ಬೇಡ. ಚಿತ್ರ ಆ ಸಾವಿಗೆ ಎರಡು ಹನಿ ಕಣ್ಣೀರು ಹಾಕಿ ಮುಂದೆ ಹೋಗುತ್ತದೆ. ಪ್ರಳಯದ ಕಥೆ ಕನ್ನಡದಲ್ಲಿ ಯಾರಾದರೂ ಬರೆಯುವುದಾದರೆ, ಹಡಗನ್ನು ಬಿಟ್ಟು ಜ್ವಾಲಾಪುರಂನಿಂದ ಶುರುಮಾಡಲಿ. ಬೂದಿ ಬಿದ್ದ ಮರುವರ್ಷ ಅಲ್ಲಿಯ ಜನ ಏನು ತಿಂದರು, ಯಾರ ಜೊತೆ ಹಂಚಿಕೊಂಡರು? ನನಗೆ ಓದಬೇಕಾಗಿರುವ ಕಥೆ ಅದು.