ಚರ್ಮವಾದ್ಯಗಳ ನಾದ: ವಿಜ್ಞಾನ, ತಂತ್ರಜ್ಞಾನ ಮತ್ತು ಕಲೆ

ಮೊದಲು ವಿಜ್ಞಾನದ ನಿಯಮ, ಅದರಿಂದ ಉಪಕರಣ, ಉಪಕರಣದಿಂದ ಕಲೆ ಎಂಬ ಕ್ರಮವನ್ನು ನಾದಸೃಷ್ಟಿಗೂ ಅನ್ವಯಿಸುವುದು ವಾಡಿಕೆಯಾಗಿದೆ. ನಮ್ಮ ಚರ್ಮವಾದ್ಯಗಳ ಚರಿತ್ರೆ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ.

ಸಮನಾಗಿ ಬಿಗಿದ ವೃತ್ತಾಕಾರದ ಚರ್ಮವನ್ನು ಬಡಿದಾಗ ಹುಟ್ಟುವ ಉಪಸ್ವರಗಳ ಆವರ್ತನಗಳು ಮೂಲಸ್ವರದ 1.59, 2.14, 2.30 ಪಟ್ಟು ಇರುತ್ತವೆ. ಇವು ಪೂರ್ಣಾಂಕಗಳಲ್ಲವಾದ್ದರಿಂದ ಕಿವಿಗೆ ಖಚಿತವಾದ ಶ್ರುತಿ ದೊರೆಯದು. ಮೃದಂಗದ ಬಲಮುಖಕ್ಕೂ ತಬಲಾಕ್ಕೂ ಪದರಪದರವಾಗಿ ಹಚ್ಚುವ ಕಪ್ಪು ಲೇಪ, ಅಂದರೆ ಕರಣೆ, ಈ ಕೊರತೆಯನ್ನು ನೀಗಿಸುತ್ತದೆ. ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ಈ ಸಂಗತಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಬಳಿಕ, 1934ರ ಪ್ರಬಂಧದಲ್ಲಿ, ಚರ್ಮದ ಮೇಲೆ ಮರಳು ಉದುರಿಸಿ ಕಂಪನದ ವಿನ್ಯಾಸಗಳನ್ನು ಗುರುತಿಸಿದರು; ಒಂಬತ್ತು ಕಂಪನವಿಧಗಳು ಐದು ಸುಸಂಗತ ಸ್ವರಗಳಾಗಿ ಕೂಡುವುದನ್ನು ತೋರಿಸಿದರು.

ರಾಮನ್ ಅವರು ವಿವರಿಸಿದ್ದು ಅದಾಗಲೇ ಸಿದ್ಧವಾಗಿದ್ದ ಸಾಧನೆಯನ್ನು. ಲೇಪವನ್ನು ಹಚ್ಚಿ, ಕಲ್ಲಿನಿಂದ ತಿಕ್ಕಿ, ಬಡಿದು ಕೇಳಿ, ಮತ್ತೆ ಹಚ್ಚುವ ಕುಶಲಕರ್ಮಿಯ ಕ್ರಮದಲ್ಲಿ ಪ್ರಯೋಗವಿದೆ, ಪರೀಕ್ಷೆಯಿದೆ, ತಿದ್ದುಪಡಿಯಿದೆ. ಸೂತ್ರವೊಂದಿಲ್ಲವೆಂಬ ಕಾರಣಕ್ಕೆ ಅದನ್ನು ಕೇವಲ ಕೈಚಳಕವೆಂದು ಕರೆಯುವುದು ಸಲ್ಲದು.

ಆದರೆ ಶ್ರುತಿಬದ್ಧತೆಯೊಂದನ್ನೇ ಅಳತೆಗೋಲಾಗಿಸಿಕೊಂಡರೆ ಇನ್ನೊಂದು ಅನ್ಯಾಯ ಸಂಭವಿಸುತ್ತದೆ. ಆಗ ಲೇಪವಿಲ್ಲದ ಡೊಳ್ಳು, ತಮಟೆಗಳು ಅಪಕ್ವ ವಾದ್ಯಗಳಂತೆ ತೋರುತ್ತವೆ. ವಾಸ್ತವವಾಗಿ ಅವುಗಳ ಉದ್ದೇಶವೇ ಬೇರೆ. ಬಯಲಲ್ಲಿ ಜನರನ್ನು ಕೂಡಿಸಲು, ಕುಣಿತದ ಹೆಜ್ಜೆಯನ್ನು ನಡೆಸಲು ಬೇಕಾದುದು ಪೆಟ್ಟಿನ ಮೊನಚು ಮತ್ತು ಗತಿ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದಾಗ ಚರ್ಮದ ತೇವ ಆರಿ ಬಿಗಿ ಹೆಚ್ಚುತ್ತದೆ. ಎಷ್ಟು ಕಾಯಿಸಬೇಕೆಂಬುದನ್ನು ವಾದಕನ ಬೆರಳು ಮತ್ತು ಕಿವಿ ನಿರ್ಧರಿಸುತ್ತವೆ. ಇಲ್ಲಿ ಭೌತವಿಜ್ಞಾನ, ತಂತ್ರ, ಕಲೆ ಒಂದೇ ಕ್ರಿಯೆಯಲ್ಲಿ ಬೆರೆತಿವೆ.

ಇಂದು ಅನೇಕ ತಮಟೆಗಳಿಗೆ ಚರ್ಮದ ಬದಲು ಫೈಬರ್ ಹಾಳೆ ಬಂದಿದೆ. ಅದು ಮಳೆಗೆ ಸಡಿಲವಾಗದು, ಬೆಂಕಿಯನ್ನೂ ಬೇಡದು. ಪರಂಪರೆ ಕೆಟ್ಟಿತೆಂದು ಹಲುಬುವುದು ಸುಲಭ; ಆದರೆ ಚರ್ಮದ ಕೆಲಸದೊಡನೆ ಕೆಲವು ಸಮುದಾಯಗಳು ಅನುಭವಿಸಿದ ಅವಮಾನವನ್ನು ಮರೆತು ಆಡುವ ಆ ಮಾತಿಗೆ ನೈತಿಕ ಬಲವಿಲ್ಲ. ಆಯ್ಕೆ ಬಾರಿಸುವವರದು. ವಿದ್ವಾಂಸರ ಹೊಣೆ ಬೇರೆ. ಜಾನಪದ ಅಧ್ಯಯನವು ಹಾಡಿನ ಪಠ್ಯಕ್ಕೆ ಕೊಟ್ಟಷ್ಟು ಗಮನವನ್ನು ವಾದ್ಯ ಕಟ್ಟುವ ಅರಿವಿಗೆ ಕೊಟ್ಟಿಲ್ಲ. ಧ್ವನಿಮುದ್ರಣ ನಾದವನ್ನು ಉಳಿಸಬಲ್ಲುದು. ತೊಗಲನ್ನು ಆರಿಸುವ, ಹದಗೊಳಿಸುವ, ಬಿಗಿಯುವ ವಿವೇಕವನ್ನು ಉಳಿಸಲಾರದು. ಅದನ್ನು ಬಲ್ಲವರನ್ನು ಕೇವಲ ಮಾಹಿತಿದಾರರೆಂದು ಕಾಣದೆ ಜ್ಞಾನದ ಕರ್ತೃಗಳೆಂದು ಒಪ್ಪಿ ದಾಖಲಿಸಿದಾಗ ಮಾತ್ರ ನಾದದ ಶಾಸ್ತ್ರ ಪೂರ್ಣವಾದೀತು.