ಪಿತ್ತದ ಗಂಧೆ ಮತ್ತು ಕಾಲದ ಲೆಕ್ಕ: ಜನಪದ ವೈದ್ಯದ ಅಧ್ಯಯನ ವಿಧಾನವನ್ನು ಕುರಿತು

ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಸಂಗ್ರಹಕಾರ್ಯ ವಿಪುಲವಾದುದು. ಗಿಡದ ಹೆಸರು, ಬಳಸುವ ಭಾಗ, ಅರೆಯುವ ಕ್ರಮ, ಪಥ್ಯ, ಮಂತ್ರ ಇವೆಲ್ಲವೂ ಅದರಲ್ಲಿ ದಾಖಲಾಗಿವೆ. ಆದರೆ ಮದ್ದು ಕೊಟ್ಟ ಎಷ್ಟು ಹೊತ್ತಿಗೆ ಕಾಯಿಲೆ ಇಳಿಯಿತು, ಕೊಡದೇ ಇದ್ದಿದ್ದರೆ ಎಷ್ಟು ಹೊತ್ತಿಗೆ ಇಳಿಯುತ್ತಿತ್ತು ಎಂಬ ಪ್ರಶ್ನೆ ನಮ್ಮ ಕ್ಷೇತ್ರಕಾರ್ಯದಲ್ಲಿ ವಿರಳ. ಈ ಕೊರತೆಯ ಗಾಂಭೀರ್ಯವನ್ನು ಪಿತ್ತದ ಗಂಧೆಯ ನಿದರ್ಶನದಿಂದ ಪರಿಶೀಲಿಸಬಹುದು.

ತರೀಕೆರೆಯು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ಪ್ರದೇಶ. ಒಂದು ಕಡೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಗಳ ಕಾಡು. ಇನ್ನೊಂದು ಕಡೆ ಅಜ್ಜಂಪುರ, ಕಡೂರುಗಳ ಬಯಲು. ಗಂಧೆಗೆ ನಮ್ಮ ಜನ ಹೇಳುವ ಎರಡು ಮನೆಮದ್ದುಗಳು ಈ ಎರಡು ಪರಿಸರಗಳನ್ನೇ ನೆನಪಿಸುತ್ತವೆ: ಮುರುಗಲ ಹುಳಿಯ ಪಾನಕ ಮತ್ತು ಕರಿಕಂಬಳಿಯಿಂದ ಮೈ ಉಜ್ಜುವುದು. ಎರಡಕ್ಕೂ ಕೊಡುವ ಸಾಕ್ಷ್ಯ ಒಂದೇ: ರಾತ್ರಿ ಎದ್ದ ದದ್ದು ಬೆಳಗಾಗುವಷ್ಟರಲ್ಲಿ ಅಡಗಿತೆಂಬುದು.

ಈ ದದ್ದಿನ ಪ್ರಮುಖ ಕಾರಕ ಹಿಸ್ಟಮಿನ್. ಇದರ ದೈಹಿಕ ಪರಿಣಾಮಗಳನ್ನು 1910ರಲ್ಲಿ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ವಿವರಿಸಿದರು. ಚರ್ಮದ ಮಾಸ್ಟ್ ಕೋಶಗಳಿಂದ ಹೊರಬಿದ್ದ ಹಿಸ್ಟಮಿನ್ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಜಿನುಗುವಂತೆ ಮಾಡಿ ಚರ್ಮವನ್ನು ಉಬ್ಬಿಸುತ್ತದೆ. ಅದನ್ನು ಒಡೆಯುವ ಮುಖ್ಯ ಕಿಣ್ವಗಳು ಎರಡು. ಹಿಸ್ಟಮಿನ್ ಎನ್-ಮೀಥೈಲ್‌ಟ್ರಾನ್ಸ್‌ಫರೇಸ್ ಜೀವಕೋಶಗಳ ಒಳಗೆ ಕೆಲಸ ಮಾಡುತ್ತದೆ. ಡೈಅಮೈನ್ ಆಕ್ಸಿಡೇಸ್ ಆಹಾರದೊಡನೆ ಬಂದ ಹಿಸ್ಟಮಿನ್ನನ್ನು ಕರುಳಿನಲ್ಲಿ ತಡೆಯುತ್ತದೆ.

ಈ ಕ್ರಿಯೆಯ ಗಣಿತ ಮಾದರಿಯೆಂದರೆ ಕೆರೆಯ ಲೆಕ್ಕದಂತೆಯೇ: ಒಳಹರಿವಿನಲ್ಲಿ ಹೊರಹರಿವನ್ನು ಕಳೆದರೆ ನೀರಿನ ಏರಿಳಿತ ದೊರೆಯುತ್ತದೆ. ಇಲ್ಲಿ ಕಿಣ್ವಗಳೇ ತೂಬುಗಳು. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟನ್ ನೀಡಿದ ಸಮೀಕರಣದ ಪ್ರಕಾರ, ವಸ್ತು ಕಡಿಮೆಯಿದ್ದಾಗ ಅದು ಕರಗುವ ವೇಗ ಅದರ ಪ್ರಮಾಣವನ್ನೇ ಅನುಸರಿಸುತ್ತದೆ; ಹೆಚ್ಚಾದಂತೆ ಆ ವೇಗ ಒಂದು ಮಿತಿಯನ್ನು ಮುಟ್ಟುತ್ತದೆ. ಒಳಹರಿವು ನಿಂತ ಮೇಲೆ 100 ಭಾಗವಿದ್ದುದು 50, 25, 12.5 ಎಂದು ಸಮಾನ ಅವಧಿಗಳಲ್ಲಿ ಅರ್ಧರ್ಧವಾಗಿ, 5 ಅವಧಿಗಳ ನಂತರ ಸುಮಾರು 3 ಭಾಗವಷ್ಟೇ ಉಳಿಯುತ್ತದೆ. ರಕ್ತದಲ್ಲಿ ಹಿಸ್ಟಮಿನ್‌ನ ಈ ಅರ್ಧಾವಧಿ ಕೆಲವೇ ನಿಮಿಷಗಳದು. ಮೆದುಳಿನ ನರಕೋಶಗಳಲ್ಲಿ ಹಿಸ್ಟಮಿನ್‌ನ ಉತ್ಪತ್ತಿ, ಬಿಡುಗಡೆ ಮತ್ತು ನಿಯಂತ್ರಣಗಳಿಗೆ ಜಾನೆಟ್ ಬೆಸ್ಟ್ ಮತ್ತು ಸಂಗಡಿಗರು 2017ರಲ್ಲಿ ಇಂತಹುದೇ ವಿಸ್ತೃತ ಮಾದರಿಯೊಂದನ್ನು ಪ್ರಕಟಿಸಿದ್ದಾರೆ.

ಜಿನುಗಿದ ದ್ರವ ಹಿಂಗಲು ಇನ್ನಷ್ಟು ಹೊತ್ತು ಬೇಕಾಗುವುದಾದರೂ, ಗಂಧೆಯ ಒಂದೊಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಉಪಚಾರವಿಲ್ಲದೆಯೂ ಮಾಯವಾಗುತ್ತದೆ. ಹಾಗಾದರೆ ಬೆಳಗಾಗುವಷ್ಟರಲ್ಲಿ ಅಡಗಿತೆಂಬ ಹೇಳಿಕೆ ಪಾನಕದ ಗುಣಕ್ಕಾಗಲಿ ಕಂಬಳಿಯ ಗುಣಕ್ಕಾಗಲಿ ಪ್ರಮಾಣವಾಗಲಾರದು. ಕೆಲವರಲ್ಲಂತೂ ಚರ್ಮವನ್ನು ಉಜ್ಜುವುದರಿಂದಲೇ ಹೊಸ ದದ್ದು ಏಳುತ್ತದೆ. ಇದಕ್ಕೆ ಪ್ರತಿಯಾಗಿ, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ಸೊನೆ ತಾಗಿ ಏಳುವ ಗುಳ್ಳೆ ಬೇರೆ ಬಗೆಯ ಅಲರ್ಜಿ. ಅದು ಮಾಯಲು ವಾರಗಳೇ ಹಿಡಿಯಬಹುದು. ಅದನ್ನು ಒಂದೇ ದಿನದಲ್ಲಿ ಇಳಿಸುವ ಮದ್ದಿದ್ದರೆ ಆ ಸಾಕ್ಷ್ಯದ ತೂಕವೇ ಬೇರೆ. ಎರಡನ್ನೂ ‘ಚರ್ಮರೋಗ’ವೆಂಬ ಒಂದೇ ಶೀರ್ಷಿಕೆಯಡಿ ಸೇರಿಸುವ ನಮ್ಮ ವರ್ಗೀಕರಣ ಈ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ. ಜನರು ಮಾತ್ರ ಇವುಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದಾರೆ.

ಈ ವಿಮರ್ಶೆಯ ಉದ್ದೇಶ ಜನಪದ ವೈದ್ಯವನ್ನು ಅಲ್ಲಗಳೆಯುವುದಲ್ಲ. ಪೂರ್ವಿಕರಿಗೆ ಹಿಸ್ಟಮಿನ್ ತಿಳಿದಿತ್ತೆಂದು ಹಿಗ್ಗುವುದೂ, ಎಲ್ಲವೂ ಮೂಢನಂಬಿಕೆಯೆಂದು ತಳ್ಳುವುದೂ ಪರಿಶೀಲನೆಯ ಶ್ರಮವನ್ನು ತಪ್ಪಿಸುವ ಹಾದಿಗಳೇ. ದದ್ದು ಎದ್ದ ಹೊತ್ತು, ಮದ್ದು ಕೊಟ್ಟ ಹೊತ್ತು, ಇಳಿದ ಹೊತ್ತು, ಮತ್ತೆ ಎದ್ದಿತೇ ಎಂಬ ನಾಲ್ಕು ವಿವರಗಳನ್ನು ಸಂಗ್ರಹಕಾರರು ಬರೆದುಕೊಳ್ಳಬೇಕು. ತುಟಿ, ನಾಲಗೆ ಊದಿ ಉಸಿರು ಕಟ್ಟಿದಾಗ ಮನೆಯವರು ಏನು ಮಾಡುತ್ತಾರೆಂಬ ಐದನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಬೆಳಗಿನವರೆಗೆ ಕಾಯುವಂತಿಲ್ಲ. ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವ ಉಪಚಾರ. ಮನೆಮದ್ದುಗಳ ಸಂಗ್ರಹವನ್ನು ಅಚ್ಚು ಮಾಡುವವರು ಈ ಮಾತನ್ನೂ ಅದೇ ಪುಟದಲ್ಲಿ ಅಚ್ಚು ಮಾಡಬೇಕು.